ಅಮ್ಮ ಅಂತ ಟೈಪ್ ಮಾಡಿ: ಬೇರೆ ಕೀಬೋರ್ಡ್ ಲೇಔಟ್, ಹೊಸ ಲಿನಕ್ಸ್, ತೆರೆಯದ ಪಾಸ್‌ವರ್ಡ್

ಪ್ರಶ್ನೆ: ನಾನು ಮೂರು ವರ್ಷದಿಂದ, ಕೀಗಳಲ್ಲಿ ಅಕ್ಷರಗಳ ಜಾಗ ಬೇರೆಯಾಗಿರುವ ಡ್ವೊರಾಕ್ ಲೇಔಟ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ. ಲ್ಯಾಪ್‌ಟಾಪ್ ಕೀಗಳ ಮೇಲೆ ಅಚ್ಚಾಗಿರುವುದು ಮಾಮೂಲಿ ಕ್ವರ್ಟಿ ಅಕ್ಷರಗಳೇ. ಮೊನ್ನೆ ಪೆನ್‌ಡ್ರೈವ್‌ನಿಂದ ಉಬುಂಟು ಅನ್ನುವ ಲಿನಕ್ಸ್ ಹಾಕಿದೆ. ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಬೀಗ ಹಾಕುವ) ಆಯ್ಕೆ ತೆಗೆದುಕೊಂಡೆ. ಕೀಬೋರ್ಡ್ ಕೇಳುವ ಪುಟದಲ್ಲಿ ಇಂಗ್ಲಿಷ್ ಯುಎಸ್ ಅಂತ ಇತ್ತು, ಸುಮ್ನೆ ಮುಂದೆ ಒತ್ತಿದೆ. ಪಾಸ್‌ವರ್ಡ್ ಕೊಡುವ ಮುಂಚೆ ಡೆಸ್ಕ್‌ಟಾಪ್ ಸೆಟ್ಟಿಂಗ್ಸ್‌ಗೆ ಹೋಗಿ ಡ್ವೊರಾಕ್ ಮಾಡಿಕೊಂಡೆ. ಎರಡು ಸಲ ಕೊಟ್ಟ ಪಾಸ್‌ವರ್ಡ್ ಹೊಂದಿತು, ಎಲ್ಲ ಸರಿಯಾಗಿ ಮುಗಿಯಿತು. ರೀಸ್ಟಾರ್ಟ್ ಆದ ಮೇಲೆ ಅದೇ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ಒಮ್ಮೆ ಎಲ್ಲ ಅಳಿಸಿ ಮತ್ತೆ ಹಾಕಿದೆ, ಅದೇ ಕಥೆ. ಮೂರನೇ ಸಲ ಅಳಿಸುವ ಮುಂಚೆ ಕೇಳೋಣ ಅಂದುಕೊಂಡೆ. ಇನ್ನೊಂದು ವಿಷಯ. ಅಪ್ಪ ನಿವೃತ್ತ ಮೇಷ್ಟ್ರು, ನುಡಿಯಲ್ಲಿ ಟೈಪ್ ಮಾಡಿ ರೂಢಿ. ಅವರ ಕಂಪ್ಯೂಟರ್‌ಗೂ ಲಿನಕ್ಸ್ ಹಾಕಬೇಕು. ಇನ್‌ಸ್ಟಾಲ್ ಮಾಡುವಾಗಲೇ ಕನ್ನಡ ಕೀಬೋರ್ಡ್ ಆರಿಸಬಹುದೇ?

ಉತ್ತರ: ಅಳಿಸಬೇಡಿ. ನಿಮ್ಮ ಪಾಸ್‌ವರ್ಡ್ ಸರಿಯಾಗಿಯೇ ಇದೆ, ಡಿಸ್ಕ್ ಕೂಡ ಚೆನ್ನಾಗಿಯೇ ಇದೆ. ಲ್ಯಾಪ್‌ಟಾಪ್ ಆನ್ ಮಾಡಿ. ಪಾಸ್‌ವರ್ಡ್ ಕೇಳಿದಾಗ ಬೆರಳನ್ನು ನಂಬಬೇಡಿ, ಕಣ್ಣನ್ನು ನಂಬಿ. ಕೀ ಮೇಲೆ ಅಚ್ಚಾಗಿರುವ ಅಕ್ಷರ ನೋಡಿ, ಒಂದೊಂದೇ ಹುಡುಕಿ ಒತ್ತಿ, ಇವತ್ತೇ ಟೈಪಿಂಗ್ ಕ್ಲಾಸಿಗೆ ಸೇರಿದವರ ಥರ. ನೀವು ಬರೆದ ಕ್ರಮದಲ್ಲೇ ಎಲ್ಲ ನಡೆದಿದ್ದರೆ ಡಿಸ್ಕ್ ತೆರೆಯುತ್ತದೆ.

ಯಾಕೆ ಹೀಗಾಯಿತು ಅಂತ ತಿಳಿದುಕೊಂಡರೆ ಮುಂದಿನ ಸಲ ತೊಂದರೆ ಇರುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೀಬೋರ್ಡ್‌ಗೆ ಅಕ್ಷರ ಗೊತ್ತಿಲ್ಲ. ಎ ಕೀ ಒತ್ತಿದರೆ ಅದು ‘ಎ’ ಅಂತ ಹೇಳಿ ಕಳಿಸುವುದಿಲ್ಲ. ಇಂಥ ಜಾಗದ ಕೀ ಒತ್ತಿದರು ಅಂತ ಒಂದು ನಂಬರ್ ಕಳಿಸುತ್ತದೆ, ಅಷ್ಟೇ. ಲಿನಕ್ಸ್ ಒಳಗೆ ಎ ಜಾಗದ ನಂಬರ್ 30. ಪಕ್ಕದ ಎಸ್ ಜಾಗಕ್ಕೆ 31, ಅದರ ಪಕ್ಕದ ಡಿ ಜಾಗಕ್ಕೆ 32. ಯಾವ ನಂಬರ್‌ಗೆ ಯಾವ ಅಕ್ಷರ ಅಂತ ಹೇಳುವುದು ಕಂಪ್ಯೂಟರ್ ಒಳಗಿನ ಒಂದು ಪಟ್ಟಿ. ಆ ಪಟ್ಟಿಯೇ ಲೇಔಟ್. ಕ್ವರ್ಟಿ ಪಟ್ಟಿಯಲ್ಲಿ 31 ಅಂದರೆ ಎಸ್. ಡ್ವೊರಾಕ್ ಪಟ್ಟಿಯಲ್ಲಿ ಅದೇ 31 ಅಂದರೆ ಓ. ಅಮೆರಿಕದ ಆಗಸ್ಟ್ ಡ್ವೊರಾಕ್ ಮತ್ತು ವಿಲಿಯಂ ಡೀಲಿ 1936ರಲ್ಲಿ ಪೇಟೆಂಟ್ ಪಡೆದ ಲೇಔಟ್ ಅದು. ಅದರಲ್ಲಿ ಸ್ವರಗಳೆಲ್ಲ ಎಡಗೈ ಬೆರಳ ಕೆಳಗೇ ಸಾಲಾಗಿ ಕೂತಿವೆ. ಅದರಿಂದ ವೇಗ ಹೆಚ್ಚುತ್ತದೋ ಇಲ್ಲವೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನಿಮಗೆ ಕೈ ನೋವು ಕಡಿಮೆ ಆಗಿದ್ದರೆ ಅಷ್ಟು ಸಾಕು, ಬಿಡಿ.

ಈಗ ಮುಖ್ಯ ವಿಷಯ. ಆ ಪಟ್ಟಿ ಕಂಪ್ಯೂಟರ್‌ನಲ್ಲಿ ಒಂದೇ ಕಡೆ ಇಲ್ಲ. ಆನ್ ಮಾಡಿದ ತಕ್ಷಣ ಎಚ್ಚರಾಗುವುದು ಮದರ್‌ಬೋರ್ಡ್‌ನ ಫರ್ಮ್‌ವೇರ್, ನಾವು ಬಯಾಸ್ ಅಂತ ಕರೆಯುವುದು. ಅದಕ್ಕೆ ಅದರದೇ ಪಟ್ಟಿ. ಆಮೇಲೆ ಬರುವುದು ಲಿನಕ್ಸನ್ನು ಎಬ್ಬಿಸುವ ಗ್ರಬ್ ಅನ್ನುವ ಬೂಟ್‌ಲೋಡರ್, ಅದಕ್ಕೆ ಇನ್ನೊಂದು. ನಂತರ ಲಿನಕ್ಸ್‌ನ ತಿರುಳಾದ ಕರ್ನೆಲ್ ಜೊತೆ ಒಂದು ಪುಟ್ಟ ಲಿನಕ್ಸ್ ಮೆಮೊರಿಗೆ ಬರುತ್ತದೆ. ಅದರ ಹೆಸರು ಇನಿಟ್‌ರ್‍ಯಾಮ್‌ಎಫ್‌ಎಸ್. ನಿಮ್ಮ ಡಿಸ್ಕ್ ಪಾಸ್‌ವರ್ಡ್ ಕೇಳುವುದು ಇದೇ. ಇದರ ಹೊಟ್ಟೆಯೊಳಗೆ ಮತ್ತೊಂದು ಪಟ್ಟಿ. ಡಿಸ್ಕ್ ತೆರೆದ ಮೇಲೆ ಬರುವ ಲಾಗಿನ್ ಪರದೆ ಮತ್ತು ಡೆಸ್ಕ್‌ಟಾಪ್‌ನದು ಬೇರೆಯದೇ. ಒಂದೇ ಬಸ್ಸು, ದಾರಿಯಲ್ಲಿ ಮೂರು ಸಲ ಕಂಡಕ್ಟರ್ ಬದಲಾದ ಹಾಗೆ. ಎಲ್ಲಿ ಇಳಿಸಬೇಕು ಅಂತ ಮೊದಲನೆಯವನಿಗೆ ಹೇಳಿದ್ದು ಮೂರನೆಯವನಿಗೆ ಗೊತ್ತಿರುವುದಿಲ್ಲ.

ನೀವು ಮಾಡಿದ್ದು ಇಷ್ಟೇ. ಪೆನ್‌ಡ್ರೈವ್‌ನಲ್ಲಿ ಓಡುತ್ತಿದ್ದ ಡೆಸ್ಕ್‌ಟಾಪ್‌ಗೆ ಮಾತ್ರ ಡ್ವೊರಾಕ್ ಅಂತ ಹೇಳಿದಿರಿ. ಹೊಸದಾಗಿ ಡಿಸ್ಕ್ ಮೇಲೆ ಕೂರುವ ಉಬುಂಟುಗೆ ಯಾವ ಲೇಔಟ್ ಅನ್ನುವುದನ್ನು ಇನ್‌ಸ್ಟಾಲರ್ ಕೀಬೋರ್ಡ್ ಪುಟದಿಂದ ತೆಗೆದುಕೊಂಡಿತು. ಅಲ್ಲಿ ಇದ್ದದ್ದು ಯುಎಸ್, ಅಂದರೆ ಕ್ವರ್ಟಿ.

ಒಂದು ಉದಾಹರಣೆ ಹಿಡಿಯೋಣ. ನಿಮ್ಮ ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರದಲ್ಲಿ ಮೈಸೂರು ಅಂತ ಇರಲಿ: ಎಂ, ವೈ, ಎಸ್, ಯು, ಆರ್, ಯು. (ನಿಜವಾಗಿ ಇಷ್ಟು ಸುಲಭದ್ದು ಇಟ್ಟಿಲ್ಲ ಅಂದುಕೊಳ್ಳುತ್ತೇನೆ.) ಡ್ವೊರಾಕ್‌ನಲ್ಲಿ ಟೈಪ್ ಮಾಡಿದಿರಿ, ಅದೇ ಆರು ಅಕ್ಷರ ಡಿಸ್ಕ್‌ಗೆ ಪಾಸ್‌ವರ್ಡ್ ಆಗಿ ಹೋಯಿತು. ರೀಸ್ಟಾರ್ಟ್ ಆದ ಮೇಲೆ ಬೆರಳುಗಳು ರೂಢಿಯಂತೆ ಅವೇ ಜಾಗಕ್ಕೆ ಹೋದವು. ಈಗ ಅಲ್ಲಿ ಕೂತಿದ್ದದ್ದು ಕ್ವರ್ಟಿ ಪಟ್ಟಿ. ಅದು ಓದಿದ್ದು ಎಂ, ಟಿ, ಸೆಮಿಕೋಲನ್, ಎಫ್, ಓ, ಎಫ್. ಪರದೆ ಮೇಲೆ ಕಾಣುವುದು ಬರೀ ಚುಕ್ಕೆ. ತಪ್ಪು ಅಂತ ಬರದೆ ಇನ್ನೇನು ಬರುತ್ತದೆ? ಅದಕ್ಕೇ ಕಣ್ಣಿನಿಂದ ಟೈಪ್ ಮಾಡಿ ಅಂದದ್ದು. ಕೀ ಮೇಲೆ ಅಚ್ಚಾಗಿರುವುದೂ ಕ್ವರ್ಟಿ, ಕೇಳುತ್ತಿರುವುದೂ ಕ್ವರ್ಟಿ.

ಇದು ತಿರುಗಾಮುರುಗಾ ಆಗುವುದೂ ಉಂಟು. ಬೆರಳು ಡ್ವೊರಾಕ್‌ನಲ್ಲಿ ಓಡಿರುತ್ತದೆ, ಇನ್‌ಸ್ಟಾಲರ್ ಕ್ವರ್ಟಿಯಲ್ಲಿ ಕೇಳಿಸಿಕೊಂಡಿರುತ್ತದೆ. ಆಗ ಡಿಸ್ಕ್‌ಗೆ ಹೋದ ಪಾಸ್‌ವರ್ಡೇ ಆ ಎಂ, ಟಿ, ಸೆಮಿಕೋಲನ್ ಗೋಜಲು. ಎರಡು ಸಲ ಕೊಟ್ಟರೂ ಹೊಂದುತ್ತದೆ, ಯಾಕೆಂದರೆ ಒಂದೇ ತಪ್ಪನ್ನು ಎರಡು ಸಲ ಮಾಡಿರುತ್ತೀರಿ. ಎರಡು ಸಲ ಕೇಳುವುದು ಬೆರಳು ಜಾರಿದರೆ ಹಿಡಿಯಲಿಕ್ಕೆ, ಲೇಔಟ್ ತಪ್ಪಿದರೆ ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಯಾರಾದರೂ ಹೀಗೆ ಸಿಕ್ಕಿಕೊಂಡಾಗ ನಾನು ಹೇಳುವುದು ಇದು: ಒಂದು ಸಲ ಬೆರಳಿನಿಂದ, ಒಂದು ಸಲ ಕಣ್ಣಿನಿಂದ. ಹತ್ತರಲ್ಲಿ ಒಂಬತ್ತು ಸಲ ಎರಡರಲ್ಲೊಂದು ತೆರೆಯುತ್ತದೆ. ಕ್ಯಾಪ್ಸ್‌ಲಾಕ್ ದೀಪವನ್ನೂ ನೋಡಿಕೊಳ್ಳಿ, ನಗಬೇಡಿ, ನಾನೇ ಸಿಕ್ಕಿಬಿದ್ದಿದ್ದೇನೆ.

ಎರಡೂ ಆಗದಿದ್ದರೆ ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ. ಮೂರು ಸಲ ತಪ್ಪಿ, ಸ್ವಲ್ಪ ಹೊತ್ತು ಕಾದರೆ ಕಪ್ಪು ಪರದೆಯಲ್ಲಿ ಬಿಝಿಬಾಕ್ಸ್ ಅನ್ನುವ, ಕಮಾಂಡ್ ಟೈಪ್ ಮಾಡುವ ಸಣ್ಣ ಶೆಲ್ ಬರುತ್ತದೆ. ಬಣ್ಣದ ಚಿತ್ರ ಅಡ್ಡ ಬಂದರೆ ಎಸ್ಕೇಪ್ ಒತ್ತಿ. ನೋಡಿ ಹೆದರುವವರೇ ಜಾಸ್ತಿ, ನಮಗೆ ಇದು ಒಳ್ಳೆಯ ಕನ್ನಡಿ. ಇಲ್ಲಿ ಒತ್ತಿದ ಕೀ ಚುಕ್ಕೆಯಾಗಿ ಅಲ್ಲ, ಅಕ್ಷರವಾಗಿಯೇ ಕಾಣುತ್ತದೆ. ನಿಮ್ಮ ಪಾಸ್‌ವರ್ಡ್‌ನ ಅಕ್ಷರಗಳನ್ನು ಒಂದೊಂದಾಗಿ ಒತ್ತಿ ನೋಡಿ. ಯಾವ ಜಾಗ ಯಾವ ಅಕ್ಷರ ಕೊಡುತ್ತಿದೆ ಅಂತ ಹಾಳೆಯಲ್ಲಿ ಬರೆದುಕೊಳ್ಳಿ. ಎಂಟರ್ ಒತ್ತಬೇಡಿ, ಅಳಿಸಿಬಿಡಿ. ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡಿಕೊಳ್ಳುವುದು ಬೇರೆ ಹೇಳಬೇಕಿಲ್ಲ ಅಲ್ವಾ.

ಒಳಗೆ ಹೋದ ಮೇಲೆ ರಿಪೇರಿ. ಇಲ್ಲಿ ಕಮಾಂಡ್‌ಗಳ ಹೆಸರನ್ನು ಕನ್ನಡದಲ್ಲಿ ಬರೆಯುತ್ತೇನೆ, ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಕೊಡಬೇಕು. ಮೊದಲ ನಾಲ್ಕೈದು ಅಕ್ಷರ ಕೊಟ್ಟು ಟ್ಯಾಬ್ ಒತ್ತಿದರೆ ಉಳಿದದ್ದು ಸಾಮಾನ್ಯವಾಗಿ ತಾನೇ ತುಂಬುತ್ತದೆ.

ಲೇಔಟ್ ಮುಟ್ಟುವ ಮುಂಚೆಯೇ ಒಂದು ಸ್ಪೇರ್ ಕೀ, ಅಂದರೆ ಡಿಸ್ಕ್‌ಗೆ ಇನ್ನೊಂದು ಪಾಸ್‌ವರ್ಡ್, ಮಾಡಿಕೊಳ್ಳಿ. ಉಬುಂಟು ಡಿಸ್ಕ್ ಎನ್‌ಕ್ರಿಪ್ಟ್ ಮಾಡುವುದು ಲಕ್ಸ್ ಅನ್ನುವ ವ್ಯವಸ್ಥೆಯಿಂದ. ಅದಕ್ಕೆ ಒಂದೇ ಪಾಸ್‌ವರ್ಡ್ ಇರಬೇಕು ಅಂತೇನಿಲ್ಲ. ಲಕ್ಸ್‌ನ ಮೊದಲ ಆವೃತ್ತಿಯಲ್ಲಿ ಎಂಟು ಪಾಸ್‌ವರ್ಡ್‌ಗೆ ಜಾಗ ಇತ್ತು, ಎರಡನೇ ಆವೃತ್ತಿಯಲ್ಲಿ 32ರವರೆಗೆ ಇಡಬಹುದು. ಯಾವುದು ಕೊಟ್ಟರೂ ಡಿಸ್ಕ್ ತೆರೆಯುತ್ತದೆ. ಇದು ನಮ್ಮಂಥ ಲೇಔಟ್ ಹುಚ್ಚರಿಗೆ ವರ ಇದ್ದ ಹಾಗೆ. ಮೊದಲು ಎಲ್ಎಸ್‌ಬಿಎಲ್‌ಕೆ ಕಮಾಂಡ್‌ಗೆ ಹೈಫನ್ ಎಫ್ ಸೇರಿಸಿ ಕೊಡಿ. ಯಾವ ಪಾರ್ಟಿಶನ್ (ಡಿಸ್ಕ್‌ನ ಭಾಗ) ಮುಂದೆ ಕ್ರಿಪ್ಟೋ ಲಕ್ಸ್ ಅಂತ ಇದೆಯೋ ಅದರ ಹೆಸರು ಬರೆದುಕೊಳ್ಳಿ. ಆಮೇಲೆ ಸುಡೋ ಕ್ರಿಪ್ಟ್‌ಸೆಟಪ್ ಲಕ್ಸ್‌ಆ್ಯಡ್‌ಕೀ, ಅದರ ಮುಂದೆ ಆ ಪಾರ್ಟಿಶನ್ ದಾರಿ. ‘ಆ್ಯಡ್’ನ ಎ ಮತ್ತು ‘ಕೀ’ಯ ಕೆ ದೊಡ್ಡಕ್ಷರ, ಉಳಿದದ್ದು ಚಿಕ್ಕದು. ಈಗಿನ ಪಾಸ್‌ವರ್ಡ್ ಕೇಳುತ್ತದೆ, ಕೊಡಿ. ಹೊಸದು ಕೇಳುತ್ತದೆ. ಎರಡು ಲೇಔಟ್‌ನಲ್ಲೂ ಒಂದೇ ಥರ ಬರುವಂಥದ್ದನ್ನು ಕೊಡಿ. ಅಂಥದ್ದು ಹೇಗೆ ಮಾಡುವುದು ಅಂತ ಮುಂದೆ ಹೇಳುತ್ತೇನೆ, ಅದರಲ್ಲೊಂದು ತಮಾಷೆ ಇದೆ.

ಸ್ಪೇರ್ ಕೀ ಕೈಗೆ ಬಂದ ಮೇಲೆ ಸುಡೋ ಡಿಪಿಕೆಜಿ-ರೀಕಾನ್ಫಿಗರ್ ಕೀಬೋರ್ಡ್-ಕಾನ್ಫಿಗರೇಶನ್ ಅಂತ ಕೊಡಿ. ಒಂದು ಪರದೆ ಬಂದು ಕೀಬೋರ್ಡ್ ಮಾದರಿ, ದೇಶ, ಲೇಔಟ್ ಕೇಳುತ್ತದೆ. ಅಲ್ಲಿ ಇಂಗ್ಲಿಷ್ ಯುಎಸ್ ಕೆಳಗೆ ಡ್ವೊರಾಕ್ ಸಿಗುತ್ತದೆ. ನಂತರ ಸುಡೋ ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್, ಹೈಫನ್ ಯು. ಆ ಪುಟ್ಟ ಲಿನಕ್ಸ್ ಹೊಟ್ಟೆಯೊಳಗೆ ಹೊಸ ಪಟ್ಟಿ ಹೋಗುವುದು ಈ ಕಮಾಂಡ್‌ನಿಂದ. ಇನ್ನು ರೀಸ್ಟಾರ್ಟ್ ಮಾಡಿದರೆ ಬೆರಳು ಹೇಳಿದಂತೆ ಪಾಸ್‌ವರ್ಡ್ ಹೋಗಬೇಕು.

ಈ ಕಮಾಂಡ್ ಸುಮ್ಮನೆ ಕೊಟ್ಟರೆ ಹೊಸ ಕರ್ನೆಲ್‌ನದನ್ನು ಮಾತ್ರ ಬದಲಾಯಿಸುತ್ತದೆ. ಹಳೆಯ ಕರ್ನೆಲ್ ಇನ್ನೂ ಉಳಿದಿದ್ದರೆ ಅದರ ಜೊತೆಗಿನ ಪಟ್ಟಿ ಹಾಗೇ ಇರುತ್ತದೆ. ಕೆಲವರು ಇದನ್ನು ಕಿರಿಕಿರಿ ಅನ್ನುತ್ತಾರೆ. ನನಗೆ ಇದೇ ಇಷ್ಟ. ಹೊಸದು ಕೈಕೊಟ್ಟರೆ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಯ್ಕೆಗೆ ಹೋಗಿ ಹಳೆಯ ಕರ್ನೆಲ್ ಹಿಡಿದು ಒಳಗೆ ಬರಬಹುದು. ಎಲ್ಲ ಸರಿ ಇದೆ ಅಂತ ಒಂದೆರಡು ದಿನ ನೋಡಿ, ಆಮೇಲೆ ಎಲ್ಲ ಕರ್ನೆಲ್‌ಗೂ ಬದಲಾಯಿಸಿದರಾಯಿತು.

ಇಲ್ಲೇ ಒಂದು ಗುಂಡಿ ಇದೆ, ನಾನು ಬಿದ್ದದ್ದು. ಒಂದು ಕಚೇರಿಯ ಸರ್ವರ್‌ನಲ್ಲಿ ಲೇಔಟ್ ಬದಲಾಯಿಸಿದೆ, ಆದರೆ ಇನಿಟ್‌ರ್‍ಯಾಮ್‌ಎಫ್‌ಎಸ್ ಮತ್ತೆ ಕಟ್ಟಲಿಲ್ಲ. ಪಾಸ್‌ವರ್ಡ್ ಕೇಳುವಾಗ ಹಳೆಯ ಕ್ವರ್ಟಿಯೇ ಮುಂದುವರಿಯಿತು. ಕಣ್ಣಿನಿಂದ ಟೈಪ್ ಮಾಡಿ ಮಾಡಿ ಅದೇ ರೂಢಿಯಾಯಿತು, ಮರೆತೂ ಹೋಯಿತು. ತಿಂಗಳುಗಳ ನಂತರ ಕರ್ನೆಲ್ ಅಪ್‌ಡೇಟ್ ಬಂತು. ಹೊಸ ಕರ್ನೆಲ್ ಬಂದಾಗ ಇನಿಟ್‌ರ್‍ಯಾಮ್‌ಎಫ್‌ಎಸ್ ತಾನಾಗಿಯೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಈ ಸಲ ಡ್ವೊರಾಕ್ ಪಟ್ಟಿ ಒಳಗೆ ಹೋಯಿತು. ರಾತ್ರಿ ಹತ್ತು ಗಂಟೆಗೆ ರೀಸ್ಟಾರ್ಟ್ ಮಾಡಿದರೆ ಪಾಸ್‌ವರ್ಡ್ ತಪ್ಪು! ಡಿಸ್ಕ್ ಹೋಯಿತು ಅಂತ ನಾನು ಬೆವರಿ, ಬ್ಯಾಕಪ್ ಎಲ್ಲಿದೆ ಅಂತ ಹುಡುಕಿ, ಕೊನೆಗೆ ಕಾಫಿ ಕುಡಿಯಲು ಹೋದಾಗ ಹೊಳೆಯಿತು. ಇವತ್ತು ಮಾಡಿದ ಬದಲಾವಣೆಯ ಬಿಲ್ಲು ಆರು ತಿಂಗಳ ನಂತರ ಬಂದರೆ ಯಾರಿಗೆ ತಾನೇ ನೆನಪಿರುತ್ತದೆ? ಲೇಔಟ್ ಬದಲಾಯಿಸಿದ ದಿನವೇ ಕಟ್ಟಿ, ಅವತ್ತೇ ರೀಸ್ಟಾರ್ಟ್ ಮಾಡಿ ನೋಡಿ.

ಈಗ ಆ ತಮಾಷೆ. ಡ್ವೊರಾಕ್‌ನಲ್ಲಿ ಜಾಗ ಬದಲಾಗದ ಅಕ್ಷರಗಳು ಎರಡೇ ಎರಡು: ಎ ಮತ್ತು ಎಂ. ಮೇಲಿನ ಸಾಲಿನ ಅಂಕಿಗಳೂ ಬದಲಾಗುವುದಿಲ್ಲ. ಎ, ಎಂ, ಎಂ, ಎ. ಅಮ್ಮ! ಕ್ವರ್ಟಿಯಲ್ಲೂ ಅಮ್ಮ, ಡ್ವೊರಾಕ್‌ನಲ್ಲೂ ಅಮ್ಮ. 2006ರಲ್ಲಿ ಶೈ ಕೋಲ್ಮನ್ ಮಾಡಿದ ಕೋಲ್ಮ್ಯಾಕ್ ಲೇಔಟ್‌ನಲ್ಲೂ ಅಮ್ಮ ಅಲ್ಲೇ ಇದ್ದಾಳೆ. ಕೋಲ್ಮ್ಯಾಕ್‌ನಲ್ಲಿ ಇನ್ನೂ ಎಂಟು ಅಕ್ಷರ ಕದಲುವುದಿಲ್ಲ: ಕ್ಯೂ, ಡಬ್ಲ್ಯು, ಎಚ್, ಝಡ್, ಎಕ್ಸ್, ಸಿ, ವಿ, ಬಿ. ಜರ್ಮನಿಯ ಕೀಬೋರ್ಡ್‌ನಲ್ಲೂ ಅಮ್ಮ ಸುರಕ್ಷಿತ. ಫ್ರಾನ್ಸಿನ ಅಝರ್ಟಿಯಲ್ಲಿ ಮಾತ್ರ ಕೈಬಿಡುತ್ತಾಳೆ. ಅಲ್ಲಿ ಎ ಹೋಗಿ ಕ್ಯೂ ಜಾಗದಲ್ಲಿ ಕೂತಿದೆ, ಎಂ ಎಲ್ ಪಕ್ಕಕ್ಕೆ ಹೋಗಿದೆ, ಅಂಕಿಗೂ ಶಿಫ್ಟ್ ಒತ್ತಬೇಕು.

ಹಾಗಾಗಿ ನಾನು ಯಾವ ಲಿನಕ್ಸ್ ಹಾಕುವಾಗಲೂ ಇನ್‌ಸ್ಟಾಲರ್‌ಗೆ ಕೊಡುವ ಪಾಸ್‌ವರ್ಡ್ ಅಮ್ಮ ಮತ್ತು ನಾಲ್ಕು ಅಂಕಿ. ಇದು ತಾತ್ಕಾಲಿಕ, ಮರೆಯಬೇಡಿ. ಕಾಯಂ ಇಡಲು ಇದಕ್ಕಿಂತ ಕೆಟ್ಟ ಪಾಸ್‌ವರ್ಡ್ ಇಲ್ಲ. ಮೊದಲ ಸಲ ಒಳಗೆ ಹೋಗಿ, ಲೇಔಟ್ ಎಲ್ಲ ಕಡೆ ಸರಿ ಮಾಡಿ, ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಗಟ್ಟಿಯಾದ ಪಾಸ್‌ವರ್ಡ್ ಸೇರಿಸುತ್ತೇನೆ, ಅಮ್ಮನನ್ನು ತೆಗೆಯುತ್ತೇನೆ. ಅಲ್ಲಿಯವರೆಗೆ ಮುಖ್ಯ ಫೈಲ್ ಯಾವುದನ್ನೂ ಆ ಡಿಸ್ಕ್‌ಗೆ ಹಾಕುವುದಿಲ್ಲ. ಕಾಯಂ ಸ್ಪೇರ್ ಕೀಗೆ ಏನು ಇಡಬೇಕು? ಇಪ್ಪತ್ತು ಇಪ್ಪತ್ತೈದು ಅಂಕಿಗಳ ಒಂದು ಸಾಲು, ಫೋನ್ ನಂಬರೂ ಅಲ್ಲ, ಹುಟ್ಟಿದ ದಿನವೂ ಅಲ್ಲ, ದಾಳ ಉರುಳಿಸಿಯೋ ಇನ್ನೊಂದೋ ಮಾಡಿ ತೆಗೆದದ್ದು. ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ವಿಂಡೋಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಮೈಕ್ರೋಸಾಫ್ಟ್‌ನ ಬಿಟ್‌ಲಾಕರ್ ಕೂಡ ಇದನ್ನೇ ಮಾಡುತ್ತದೆ. ಅದರ ರಿಕವರಿ ಕೀ ಬರೀ 48 ಅಂಕಿ, ಒಂದೂ ಅಕ್ಷರ ಇಲ್ಲ. ಆ ಪರದೆಯಲ್ಲಿ ಅಂಕಿಯ ಬದಲು ಎಫ್1ರಿಂದ ಎಫ್10ರವರೆಗಿನ ಕೀಗಳನ್ನೂ ಒತ್ತಬಹುದು, ಎಫ್10 ಅಂದರೆ ಸೊನ್ನೆ. ಯಾವ ದೇಶದ ಕೀಬೋರ್ಡ್ ಆದರೂ ಆ ಕೀಗಳು ಜಾಗ ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು: ಸುಲಭದ ದಾರಿ ಇನ್‌ಸ್ಟಾಲರ್‌ನ ಕೀಬೋರ್ಡ್ ಪುಟದಲ್ಲೇ ಇತ್ತು. ಅಲ್ಲಿ ಇಂಗ್ಲಿಷ್ ಯುಎಸ್ ಅಂತ ಇದ್ದದ್ದನ್ನು ಡ್ವೊರಾಕ್ ಮಾಡಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಅದೇ ಪುಟದಲ್ಲಿ ಟೈಪ್ ಮಾಡಿ ಪರೀಕ್ಷಿಸಲು ಒಂದು ಪೆಟ್ಟಿಗೆ ಕೊಟ್ಟಿರುತ್ತಾರೆ. ಅದನ್ನು ಯಾರೂ ಮುಟ್ಟುವುದಿಲ್ಲ. ನೀವು ಮುಟ್ಟಿ. ನಿಮ್ಮ ಪಾಸ್‌ವರ್ಡ್‌ನಲ್ಲಿರುವ ಚಿಹ್ನೆಗಳನ್ನೆಲ್ಲ ಅಲ್ಲಿ ಒಮ್ಮೆ ಒತ್ತಿ ನೋಡಿ.

ಚಿಹ್ನೆ ಅಂದಾಗ ನೆನಪಾಯಿತು. ನಮ್ಮಲ್ಲಿ ಈ ತೊಂದರೆ ಜಾಸ್ತಿ ಬರುವುದು ಡ್ವೊರಾಕ್‌ನಿಂದ ಅಲ್ಲವೇ ಅಲ್ಲ. ನಾವು ಬರೆಯುವುದು ಬ್ರಿಟಿಷ್ ಸ್ಪೆಲ್ಲಿಂಗ್ ಅಲ್ವಾ ಅಂತ ಕೀಬೋರ್ಡ್ ಪುಟದಲ್ಲಿ ಇಂಗ್ಲಿಷ್ ಯುಕೆ ಆರಿಸುತ್ತಾರೆ. ಆದರೆ ಇಲ್ಲಿ ಮಾರುವ ಲ್ಯಾಪ್‌ಟಾಪ್‌ಗಳ ಕೀಬೋರ್ಡ್ ಅಮೆರಿಕದ್ದು, ಜೊತೆಗೆ ರೂಪಾಯಿ ಚಿಹ್ನೆ ಅಚ್ಚು ಹಾಕಿರುತ್ತಾರೆ, ಅಷ್ಟೇ. ಯುಕೆ ಲೇಔಟ್‌ನಲ್ಲಿ ಅಕ್ಷರವೆಲ್ಲ ಸರಿಯಾಗಿ ಬರುತ್ತದೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಈಮೇಲ್ ವಿಳಾಸದ ಅಟ್ ಚಿಹ್ನೆ ಮಾತ್ರ ಶಿಫ್ಟ್ ಮತ್ತು 2ರಲ್ಲಿ ಸಿಗುವುದಿಲ್ಲ, ಅಲ್ಲಿ ಜೋಡಿ ಉದ್ಧರಣ ಚಿಹ್ನೆ ಬರುತ್ತದೆ. ಎಂಟರ್ ಪಕ್ಕದ ಉದ್ಧರಣ ಚಿಹ್ನೆಯ ಕೀಗೆ ಶಿಫ್ಟ್ ಒತ್ತಿದರೆ ಅಟ್ ಬರುತ್ತದೆ. ಶಿಫ್ಟ್ ಮತ್ತು 3ಕ್ಕೆ ಹ್ಯಾಶ್ ಬದಲು ಪೌಂಡ್. ಊರ ಹೆಸರು, ಅಟ್, ಇಸವಿ ಅಂತ ಪಾಸ್‌ವರ್ಡ್ ಇಡುವವರು ಎಷ್ಟು ಜನ ಹೇಳಿ! ಅವರೆಲ್ಲ ಇದೇ ಗುಂಡಿಗೆ ಬೀಳುತ್ತಾರೆ. ಇಲ್ಲಿ ಕೊಂಡ ಲ್ಯಾಪ್‌ಟಾಪ್ ಆದರೆ ಯುಎಸ್ ಆರಿಸಿ. ರೂಪಾಯಿ ಚಿಹ್ನೆ ಬೇಕಾದರೆ ಇಂಗ್ಲಿಷ್ ಇಂಡಿಯಾ, ರೂಪಾಯಿ ಜೊತೆಗೆ ಅಂತ ಇರುವುದನ್ನು ತೆಗೆದುಕೊಳ್ಳಿ. ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತದೆ.

ಜರ್ಮನಿಯಲ್ಲಿ ಕೆಲಸ ಮಾಡುವ ಅಕ್ಕನೋ ಭಾವನೋ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಹೋಗಿರುತ್ತಾರಲ್ಲ, ಅದರ ಕಥೆ ಇನ್ನೊಂದು. ಅದರಲ್ಲಿ ವೈ ಮತ್ತು ಝಡ್ ಅದಲುಬದಲು. ಹೈಫನ್ ಇರುವುದು ನಮ್ಮ ಸ್ಲ್ಯಾಷ್ ಜಾಗದಲ್ಲಿ. ಕಣ್ಣಿನಿಂದ ಟೈಪ್ ಮಾಡಿ ಅನ್ನುವ ಉಪಾಯ ಅಲ್ಲಿ ತಿರುಗಿ ಕಚ್ಚುತ್ತದೆ. ಅಚ್ಚಾಗಿರುವುದು ಜರ್ಮನ್, ಬೂಟ್ ಸಮಯದಲ್ಲಿ ಕೇಳುವುದು ಯುಎಸ್ ಆಗಿರಬಹುದು.

ನಿಮ್ಮ ಉಬುಂಟುವಿನಲ್ಲಿ ಬೂಟ್ ಭಾಗ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಆದ್ದರಿಂದ ಗ್ರಬ್ ನಿಮ್ಮನ್ನು ಪಾಸ್‌ವರ್ಡ್ ಕೇಳುವುದಿಲ್ಲ. ಮುಂದೆ ಎಂದಾದರೂ ಬೂಟ್ ಭಾಗವನ್ನೂ ಎನ್‌ಕ್ರಿಪ್ಟ್ ಮಾಡುವ ಆಸೆ ಬಂದರೆ ನೆನಪಿರಲಿ: ಆಗ ಪಾಸ್‌ವರ್ಡ್ ಕೇಳುವುದು ಗ್ರಬ್, ಅದಕ್ಕೆ ಸಾಮಾನ್ಯವಾಗಿ ಗೊತ್ತಿರುವುದು ಯುಎಸ್ ಕ್ವರ್ಟಿ ಮಾತ್ರ. ಬೇರೆ ಲೇಔಟ್ ಕಲಿಸಬಹುದು, ಆದರೆ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಇರುವ ಹೊಸ ಯಂತ್ರಗಳಲ್ಲಿ ಅದು ಕೆಲಸ ಮಾಡುತ್ತದೆ ಅಂತ ನಂಬಿಕೊಂಡು ನಾನಂತೂ ಮಲಗುವುದಿಲ್ಲ. ಅಲ್ಲಿ ಒಂದು ಉಪಾಯ ಚೆನ್ನಾಗಿದೆ. ಸ್ಪೇರ್ ಪಾಸ್‌ವರ್ಡ್‌ಗೆ ಜಾಗ ಇದೆ ಅಂದೆನಲ್ಲ? ನಿಮ್ಮ ಡ್ವೊರಾಕ್ ಪಾಸ್‌ವರ್ಡನ್ನೇ ಲೇಔಟ್ ಕ್ವರ್ಟಿ ಮಾಡಿಕೊಂಡು, ಬೆರಳು ಅದೇ ಥರ ಓಡಿಸಿ, ಇನ್ನೊಂದು ಪಾಸ್‌ವರ್ಡ್ ಆಗಿ ಸೇರಿಸಿಬಿಡಿ. ಮೈಸೂರು ಒಂದು, ಎಂ ಟಿ ಸೆಮಿಕೋಲನ್ ಇನ್ನೊಂದು. ಗ್ರಬ್ ಕೇಳಲಿ, ಇನಿಟ್‌ರ್‍ಯಾಮ್‌ಎಫ್‌ಎಸ್ ಕೇಳಲಿ, ನಿಮ್ಮ ಬೆರಳು ಮಾಡುವುದು ಒಂದೇ ಕೆಲಸ, ಎರಡೂ ಕಡೆ ತೆರೆಯುತ್ತದೆ.

ಬೇರೆ ಲಿನಕ್ಸ್‌ಗಳ ಮಾತು ಬೇಗ ಮುಗಿಸುತ್ತೇನೆ. ಆರ್ಚ್ ಲಿನಕ್ಸ್ ಹಾಕುವಾಗ ಬರುವುದು ಬರೀ ಕಪ್ಪು ಪರದೆ. ಮೊದಲ ಕೆಲಸ ಲೋಡ್‌ಕೀಸ್ ಡ್ವೊರಾಕ್ ಅಂತ ಕೊಡುವುದು, ಅದನ್ನು ಕೊಡುವಾಗ ಮಾತ್ರ ಕ್ವರ್ಟಿಯಲ್ಲಿ ಹುಡುಕಿ ಒತ್ತಬೇಕು. ಅದು ಪೆನ್‌ಡ್ರೈವ್ ಓಡುವವರೆಗೆ ಮಾತ್ರ. ಡಿಸ್ಕ್‌ನಲ್ಲಿರುವ ಹೊಸ ವ್ಯವಸ್ಥೆಗೆ ವಿಕನ್ಸೋಲ್ ಕಾನ್ಫ್ ಫೈಲ್‌ನಲ್ಲಿ ಬೇರೆ ಬರೆಯಬೇಕು. ಎನ್‌ಕ್ರಿಪ್ಟ್ ಮಾಡಿದ್ದರೆ ಇನಿಟ್‌ರ್‍ಯಾಮ್‌ಎಫ್‌ಎಸ್ ಕಟ್ಟುವ ಎಂಕೆಇನಿಟ್‌ಸಿಪಿಐನ ಹುಕ್‌ಗಳ ಸಾಲಿನಲ್ಲಿ ಕೀಮ್ಯಾಪ್ ಅನ್ನುವುದು ಎನ್‌ಕ್ರಿಪ್ಟ್ ಅನ್ನುವುದಕ್ಕಿಂತ ಮುಂಚೆ ಇರಬೇಕು. ಫೆಡೋರಾ ಇನ್‌ಸ್ಟಾಲರ್‌ನಲ್ಲಿ ಎರಡು ಮೂರು ಲೇಔಟ್ ಸೇರಿಸಿದರೆ ಪಟ್ಟಿಯಲ್ಲಿ ಮೇಲಿರುವುದೇ ಮುಖ್ಯ. ಲಿನಕ್ಸ್ ಅಲ್ಲದ ಓಪನ್‌ಬಿಎಸ್‌ಡಿ ಶುರುವಿನಲ್ಲೇ ಕೀಬೋರ್ಡ್ ಯಾವುದು ಅಂತ ಕೇಳುತ್ತದೆ, ಒಳ್ಳೆಯ ಅಭ್ಯಾಸ.

ಕಪ್ಪು ಪರದೆಯಲ್ಲಿ ಎರಡು ಲೇಔಟ್ ನಡುವೆ ಓಡಾಡುವವರ ಹಳೆಯ ಟ್ರಿಕ್ ಒಂದು ಇದೆ. ಎಡಗೈಯ ನಾಲ್ಕು ಬೆರಳನ್ನು ಕೂತ ಜಾಗದಲ್ಲೇ ಸಾಲಾಗಿ ಒತ್ತಿದರೆ ಕ್ವರ್ಟಿಯಲ್ಲಿ ಎ ಎಸ್ ಡಿ ಎಫ್ ಬರುತ್ತದೆ. ಡ್ವೊರಾಕ್‌ನಲ್ಲಿ ಎ ಓ ಇ ಯು. ಎ ಎಸ್ ಡಿ ಎಫ್ ಅನ್ನುವ ಹೆಸರಿಗೆ ಡ್ವೊರಾಕ್ ಮಾಡುವ ಕಮಾಂಡ್, ಎ ಓ ಇ ಯು ಅನ್ನುವ ಹೆಸರಿಗೆ ಕ್ವರ್ಟಿ ಮಾಡುವ ಕಮಾಂಡ್ ಕಟ್ಟಿಡಿ. ಈಗ ಯಾವ ಲೇಔಟ್ ಇದೆ ಅಂತ ಯೋಚಿಸಬೇಕಾಗೇ ಇಲ್ಲ. ನಾಲ್ಕು ಬೆರಳು ಒತ್ತಿ ಎಂಟರ್ ಹೊಡೆದರೆ ಲೇಔಟ್ ಬದಲಾಗುತ್ತದೆ.

ಇದೆಲ್ಲ ತಲೆನೋವು ಅನ್ನಿಸಿದರೆ ಇನ್ನೊಂದು ದಾರಿ ಇದೆ, ದುಡ್ಡು ಬೇಕು. ಕ್ಯೂಎಂಕೆ ಫರ್ಮ್‌ವೇರ್ ಇರುವ ಕೀಬೋರ್ಡ್‌ಗಳಲ್ಲಿ ಲೇಔಟನ್ನು ಕೀಬೋರ್ಡ್ ಒಳಗೇ ಬರೆದಿಡಬಹುದು. ನೀವು ಎಸ್ ಜಾಗ ಒತ್ತಿದರೆ ಕೀಬೋರ್ಡೇ ಓ ಜಾಗದ ನಂಬರ್ ಕಳಿಸುತ್ತದೆ. ಕಂಪ್ಯೂಟರ್ ಎಲ್ಲ ಕಡೆ ಯುಎಸ್ ಆಗಿಯೇ ಇರಲಿ, ಬಯಾಸ್‌ನಿಂದ ಡೆಸ್ಕ್‌ಟಾಪ್‌ವರೆಗೆ ಎಲ್ಲೂ ಏನೂ ಹೇಳಬೇಕಿಲ್ಲ. ವಾರಕ್ಕೊಂದು ಯಂತ್ರಕ್ಕೆ ಓಎಸ್ ಹಾಕುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡು ಕಡೆಯೂ ಡ್ವೊರಾಕ್ ಮಾಡಿಬಿಟ್ಟರೆ ಮಾತ್ರ ಎರಡು ಸಲ ಬದಲಾಗಿ ಏನೇನೋ ಬರುತ್ತದೆ. ಲ್ಯಾಪ್‌ಟಾಪ್‌ನ ಸ್ವಂತ ಕೀಬೋರ್ಡ್‌ಗೆ ಇದು ಸಹಾಯ ಮಾಡುವುದಿಲ್ಲ, ಹಾಗಾಗಿ ನಿಮಗೆ ಅರ್ಧ ಪರಿಹಾರ.

ಈಗ ನಿಮ್ಮ ಅಪ್ಪನ ಕಂಪ್ಯೂಟರ್. ಇನ್‌ಸ್ಟಾಲರ್‌ನಲ್ಲಿ ಕನ್ನಡ ಲೇಔಟ್ ಆರಿಸಬಹುದು, ಪಟ್ಟಿಯಲ್ಲಿ ಇದೆ. ಆದರೆ ಆರಿಸಬೇಡಿ. ಯೂಸರ್ ಹೆಸರು ಇಂಗ್ಲಿಷ್ ಚಿಕ್ಕಕ್ಷರದಲ್ಲೇ ಇರಬೇಕು. ಉಬುಂಟುವಿನ ಮೂಲವಾದ ಡೆಬಿಯನ್ ಲಿನಕ್ಸ್‌ಗೆ ಇದು ಗೊತ್ತು. ಕನ್ನಡ ಆರಿಸಿದರೆ, ಕನ್ನಡ ಮತ್ತು ಇಂಗ್ಲಿಷ್ ನಡುವೆ ಹೋಗಿಬರಲು ಯಾವ ಕೀ ಬೇಕು ಅಂತ ಮರುಪ್ರಶ್ನೆ ಹಾಕುತ್ತದೆ. ಅಲ್ಲಿ ಸುಮ್ನೆ ಮುಂದೆ ಒತ್ತಿದವರು ಆಮೇಲೆ ಪಾಸ್‌ವರ್ಡ್ ಪೆಟ್ಟಿಗೆ ಮುಂದೆ ತಡಕಾಡುತ್ತಾರೆ. ಬೂಟ್ ಸಮಯದ ಕಪ್ಪು ಪರದೆಗೆ ಕನ್ನಡ ತೋರಿಸುವ ಶಕ್ತಿಯೂ ಇಲ್ಲ. ಅದರ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕಾರಕ್ಕೆ ಜಾಗ, ಒತ್ತಕ್ಷರ ಜೋಡಿಸುವುದು ಅದಕ್ಕೆ ಬರುವುದೇ ಇಲ್ಲ.

ಪಾಸ್‌ವರ್ಡನ್ನೇ ಕನ್ನಡದಲ್ಲಿ ಇಟ್ಟರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಆಸೆ ಚೆನ್ನಾಗಿದೆ. ಆದರೆ ‘ಕೋ’ ಅನ್ನುವುದನ್ನು ನೋಡಿ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಆ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪಾಸ್‌ವರ್ಡ್ ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಒಂದು ಲೇಔಟ್ ಹೀಗೆ, ಇನ್ನೊಂದು ಹಾಗೆ ಕಳಿಸಿದರೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ಇನ್‌ಸ್ಟಾಲ್ ಪೂರ್ತಿ ಯುಎಸ್‌ನಲ್ಲಿ ಮಾಡಿ. ಅಪ್ಪನ ಹೆಸರಿನಲ್ಲಿ ಲಾಗಿನ್ ಆದ ಮೇಲೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟಕ್ಕೆ ಹೋಗಿ ಇನ್‌ಪುಟ್ ಸೋರ್ಸ್ ಸೇರಿಸಿ. ಕನ್ನಡದ ಕೆಳಗೆ ಬರೀ ಕನ್ನಡ ಅಂತ ಇರುವುದು ಇನ್‌ಸ್ಕ್ರಿಪ್ಟ್, ಅದರಲ್ಲಿ ಒತ್ತು ಕೊಡಲು ಡಿ ಒತ್ತಬೇಕು. ನಿಮ್ಮ ಅಪ್ಪನಿಗೆ ಬೇಕಿರುವುದು ಕಗಪ ಫೊನೆಟಿಕ್. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಲೇಔಟ್ ಅದು, ಒತ್ತಿಗೆ ಎಫ್. ನುಡಿಯಲ್ಲಿ ಕೈ ಪಳಗಿದವರಿಗೆ ಹೊಸದಾಗಿ ಕಲಿಯುವುದು ಬಹಳ ಇರುವುದಿಲ್ಲ. ಒಂದೇ ಎಚ್ಚರಿಕೆ, ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಅವರ ಫೈಲ್‌ಗಳು ಯೂನಿಕೋಡ್ ಅಲ್ಲದಿದ್ದರೆ ತೆರೆದಾಗ ಗಜಿಬಿಜಿ ಕಾಣುತ್ತದೆ. ಹಳೆಯ ಕಂಪ್ಯೂಟರ್ ಅಳಿಸುವ ಮುಂಚೆಯೇ ಪರಿವರ್ತಿಸಿ ಇಟ್ಟುಕೊಳ್ಳಿ.

ಅವರ ಕಂಪ್ಯೂಟರ್‌ನಲ್ಲಿ ಡ್ವೊರಾಕ್ ಸೇರಿಸಬೇಡಿ, ನೀವು ಊರಿಗೆ ಹೋದಾಗ ಅನುಕೂಲ ಆಗುತ್ತದೆ ಅಂತ ಅನ್ನಿಸಿದರೂ. ಇನ್‌ಪುಟ್ ಸೋರ್ಸ್‌ನಲ್ಲಿ ಇಂಗ್ಲಿಷ್ ಮೇಲೆ, ಕನ್ನಡ ಕೆಳಗೆ, ಎರಡೇ ಸಾಕು. ಲಾಗಿನ್ ಆಗುವಾಗ ಪಾಸ್‌ವರ್ಡ್ ತಪ್ಪು ಅಂತ ಬಂದರೆ ಪರದೆಯ ಮೂಲೆಯಲ್ಲಿ ಇ ಎನ್ ಇದೆಯೋ ಕೆ ಎನ್ ಇದೆಯೋ ನೋಡಬೇಕು. ಕೆ ಎನ್ ಇದ್ದರೆ ವಿಂಡೋಸ್ ಗುರುತಿನ ಕೀ ಹಿಡಿದು ಸ್ಪೇಸ್ ಒತ್ತಬೇಕು. ಇಷ್ಟನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಮಾನಿಟರ್ ಕೆಳಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಅದೇ ಚೀಟಿಯಲ್ಲಿ ಬರೆಯಲು ಬಿಡಬೇಡಿ, ಮೇಷ್ಟ್ರುಗಳಿಗೆ ಆ ಅಭ್ಯಾಸ ಇರುತ್ತದೆ.